ಏನೂ ಸಿಗದವನ ಸಹಿ

ಆ ಮಾಂಸದಂಗಡಿಯಲ್ಲಿ ಕತ್ತಿಯನ್ನು ಕೈಯಿಂದ ಕೈಗೆ ಕೊಡುವ ಹಾಗಿರಲಿಲ್ಲ. ಕೊಡುವವರು ಅದನ್ನು ಮಾಂಸ ಕಡಿಯುವ ಕೊರಡಿನ ಮೇಲೆ ಇಡಬೇಕು, ಕೈ ಹಿಂದಕ್ಕೆ ತೆಗೆಯಬೇಕು, ಆಮೇಲೆ ಬೇಕಾದವರು ಎತ್ತಿಕೊಳ್ಳಬೇಕು. ಇದು ಯಜಮಾನನ ಕಾನೂನು. ಎರಡು ಕೈ ಒಂದು ಹಿಡಿಯಲ್ಲಿದ್ದರೆ ಒಂದು ಕೈ ಹೋಗುತ್ತದೆ ಎನ್ನುತ್ತಿದ್ದ. ಅವನ ದೊಡ್ಡ ಮಗ ಹನ್ನೆರಡನೇ ವಯಸ್ಸಿನಲ್ಲಿ ಒಂದು ಸಲ ಮರೆತು ಕತ್ತಿಯನ್ನು ಅಪ್ಪನ ಕಡೆಗೆ ಚಾಚಿದ್ದ. ಬಿದ್ದ ಏಟಿಗೆ ಕೋರೆಹಲ್ಲು ಉದುರಿ ಮಾಂಸದ ತಟ್ಟೆಯೊಳಗೆ ಬಿತ್ತು. ಹಲ್ಲನ್ನು ಆಯ್ದು ಬೀದಿಗೆಸೆದು, ತಟ್ಟೆಯಲ್ಲಿದ್ದದ್ದನ್ನು ತೊಳೆದು ಮಾರಿದರು. ಈ ಕಥೆಯನ್ನು ಯಜಮಾನ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳುತ್ತಿದ್ದ. ಮಗ ಮಾತ್ರ ಒಂದು ದಿನವೂ ನಗಲಿಲ್ಲ.

ಆ ಮಗನಿಗೆ ಬೀದಿಯವರು ಇಟ್ಟ ಹೆಸರು ಗೂಳಿ. ಹೆಸರು ಸುಮ್ಮನೆ ಬಂದದ್ದಲ್ಲ. ತೂಕದಲ್ಲಿ ಮೋಸ ಎಂದ ಗಿರಾಕಿಯೊಬ್ಬನ ತಲೆಯನ್ನು ತಕ್ಕಡಿಗೆ ಗುದ್ದಿದ್ದ. ಆವತ್ತೇ ಯಜಮಾನ ಅವನನ್ನು ಅಂಗಡಿಯಿಂದ ಹೊರಗೆ ಹಾಕಿದ. ಆರು ವರ್ಷದಿಂದ ಯಾರದೋ ಲಾರಿ ಓಡಿಸಿಕೊಂಡಿದ್ದ.

ಕಿರಿಯವನು ಸಾಧು. ಎರಡು ವರ್ಷದ ಹಿಂದೆ ಹಿಂದಿನ ಓಣಿಯಲ್ಲಿ ಮಾಂಸ ತಂದ ಲಾರಿ ಹಿಮ್ಮುಖವಾಗಿ ಬಂದು ಅವನನ್ನು ಗೋಡೆಗೆ ಅರೆದು ಹಾಕಿತು. ಅವನ ಹೆಂಡತಿ ಮೂರು ವಾರ ಅತ್ತಳು. ನಾಲ್ಕನೇ ವಾರ ಗಂಡನ ಏಪ್ರನ್ ಕಟ್ಟಿಕೊಂಡು ಅವನ ಕೊರಡಿನ ಮುಂದೆ ನಿಂತಳು. ಮೊದಲ ತಿಂಗಳು ಬೆರಳು ಕೊಯ್ದುಕೊಂಡಳು, ಆರನೇ ತಿಂಗಳಿಗೆ ತೊಡೆಯ ಮೂಳೆಯನ್ನು ಮಾವನಷ್ಟೇ ಚೊಕ್ಕವಾಗಿ ಬಿಡಿಸತೊಡಗಿದಳು. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅವಳೂ ಅವಳ ಮಗಳೂ ಇದ್ದರು. ಆ ಕೊರಡು, ಆ ಎರಡು ಕೋಣೆ, ಅವಳಿಗೆ ಇದ್ದದ್ದು ಅಷ್ಟೇ.

ಅದಕ್ಕೂ ಸಂಚಕಾರ ಬಂದಿತ್ತು. ಯಜಮಾನ ಹಿಂದೆ ಯಾವತ್ತೋ ಒಂದು ಉಯಿಲು ಬರೆಸಿಟ್ಟಿದ್ದ. ಅಂಗಡಿ, ಮನೆ ಇಬ್ಬರು ಗಂಡುಮಕ್ಕಳಿಗೆ, ಒಬ್ಬನು ಇಲ್ಲವಾದರೆ ಪೂರ್ತಿ ಇನ್ನೊಬ್ಬನಿಗೆ. ಆ ಕೊನೆಯ ಸಾಲನ್ನು ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ. ಗೂಳಿ ಹಾಕಿಕೊಂಡಿದ್ದ. ತಮ್ಮನನ್ನು ಮಣ್ಣು ಮಾಡಿ ಬಂದ ಸಂಜೆ ಮೆಟ್ಟಿಲ ಮೇಲೆ ಅವಳನ್ನು ಅಡ್ಡಗಟ್ಟಿ, "ಅಪ್ಪ ಕಣ್ಮುಚ್ಚಿದ ದಿನ ನೀನು, ನಿನ್ನ ಮಗಳು, ನಿಮ್ಮ ಗಂಟುಮೂಟೆ ಎಲ್ಲಾ ಬೀದೀಲಿ. ಈಗಲೇ ಹೇಳಿದ್ದೀನಿ, ಆಮೇಲೆ ಅಳ್ಬೇಡ," ಎಂದಿದ್ದ. ಎಂಥಾ ಗಂಡಸು ನೋಡಿ! ತಮ್ಮನ ಮೇಲೆ ಹಾಕಿದ ಮಣ್ಣು ಇನ್ನೂ ಅವನ ಉಗುರಿನಲ್ಲಿತ್ತು.

ಅವಳು ಮಾವನ ಬೆನ್ನು ಬಿಡಲಿಲ್ಲ. ಒಂದೂವರೆ ವರ್ಷ ಕಾಡಿ ಬೇಡಿ ಕೊನೆಗೂ ಒಬ್ಬ ವಕೀಲಮ್ಮನ ಮುಂದೆ ತಂದು ಕೂರಿಸಿದಳು.

"ಒಂದು ಪೆಟ್ಟಿಗೆ ಅಂದ್ಕೊಳ್ಳಿ ಯಜಮಾನ್ರೇ," ಎಂದಳು ವಕೀಲಮ್ಮ. "ಅದಕ್ಕೆ ಟ್ರಸ್ಟ್ ಅಂತಾರೆ. ನೀವು ಬದುಕಿರುವಾಗಲೇ ಅಂಗಡೀನ ಅದರೊಳಗೆ ಇಡ್ತೀರಿ. ನೀವಿರೋವರೆಗೂ ಬೀಗದ ಕೈ ನಿಮ್ಮ ಹತ್ರಾನೇ. ನಿಮ್ಮ ನಂತರ ಸೊಸೆ ನಡೆಸ್ತಾಳೆ, ಅವಳಾದ ಮೇಲೆ ಮೊಮ್ಮಗಳು. ದೊಡ್ಡ ಮಗನಿಗೆ ಲಾಭದಲ್ಲಿ ಮೂರನೇ ಒಂದು ಪಾಲು, ಆದ್ರೆ ಮಾರೋ ಹಾಗಿಲ್ಲ."

"ಅಂದ್ರೆ ಕತ್ತಿ ಕೊರಡಿನ ಮೇಲಿಟ್ಟ ಹಾಗೆ," ಎಂದ ಯಜಮಾನ. "ಉಯಿಲು ಅಂದ್ರೆ ಸತ್ತೋನ ಮುಷ್ಟಿಯಿಂದ ಕಿತ್ಕೊಳ್ಳೋದು."

"ಸರಿಯಾಗಿ ಹೇಳಿದ್ರಿ. ಆದ್ರೆ ಇಡ್ಬೇಕು. ಟ್ರಸ್ಟಿನ ಕಾಗದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಆಗಲಿಲ್ಲ. ಅಂಗಡಿ ಪತ್ರ ನೋಂದಣಿ ಕಚೇರೀಲಿ ಟ್ರಸ್ಟ್ ಹೆಸರಿಗೆ ಆಗೋವರೆಗೂ ಪೆಟ್ಟಿಗೆ ಖಾಲಿ. ಅದಕ್ಕೇ ಇನ್ನೊಂದು ಚಿಕ್ಕ ಉಯಿಲೂ ಬರೆದಿಟ್ಟಿದ್ದೀನಿ. ಹಳೇದು ರದ್ದು, ಹೊರಗೆ ಉಳಿದದ್ದು ಏನಿದ್ರೂ ಪೆಟ್ಟಿಗೆಗೆ ಬೀಳಲಿ ಅಂತ. ಅದಕ್ಕೆ ಇಬ್ಬರು ಸಾಕ್ಷಿ ಬೇಕು. ನಿಮ್ಮ ಸೊಸೆ ಸಹಿ ಆಗಲ್ಲ, ಇವರಿಗೆ ಲಾಭ ಇದೆ. ಸಾಕ್ಷಿ ಹಾಕಿದೋರಿಗೆ ಉಯಿಲಿಂದಾಗಲಿ ಟ್ರಸ್ಟಿಂದಾಗಲಿ ಬಿಡಿಗಾಸೂ ಬರಲ್ಲ. ಏನೂ ಸಿಗದೋರನ್ನ ಕರ್ಕೊಂಡು ಬನ್ನಿ."

ಸೊಸೆ ಕಾಗದಗಳ ಜೆರಾಕ್ಸ್ ಮಾಡಿಸಲು ಕೆಳಗಿಳಿದು ಹೋಗಿ ಬಂದಾಗ ಯಜಮಾನನೂ ವಕೀಲಮ್ಮನೂ ಯಾವುದಕ್ಕೋ ಜೋರಾಗಿ ನಗುತ್ತಿದ್ದರು. ಏನೆಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ಟ್ರಸ್ಟಿನ ಕಾಗದಕ್ಕೆ ಅಂದೇ ಸಹಿ ಬಿತ್ತು, ಒಂದು ಪ್ರತಿ ವಕೀಲಮ್ಮನ ಬಳಿ ಉಳಿಯಿತು. ಮಿಕ್ಕಿದ್ದಕ್ಕೆ ಮುದುಕ ಮೀನಮೇಷ ಎಣಿಸತೊಡಗಿದ. ಇವತ್ತು ಮೊಣಕಾಲು ನೋವು, ನಾಳೆ ಗಿರಾಕಿ ಜಾಸ್ತಿ. ಹೊಸ ಉಯಿಲನ್ನು ಪೊಟ್ಟಣ ಕಟ್ಟುವ ಕಾಗದದ ಡ್ರಾಯರಿನಲ್ಲಿ ತುರುಕಿಟ್ಟ. ವಕೀಲಮ್ಮ ವಾರವಾರ ಫೋನ್ ಮಾಡಿ "ಪೆಟ್ಟಿಗೆ ಇನ್ನೂ ಖಾಲಿ," ಎನ್ನುತ್ತಿದ್ದಳು. ಜನ್ಮವಿಡೀ ಮಕ್ಕಳಿಗೆ ಹೊಡೆದು ಬಡಿದು ಕೈ ಬಿಡುವುದನ್ನು ಕಲಿಸಿದ ಈ ಮಹಾನುಭಾವನಿಗೆ ತನ್ನ ಕೈ ಬಿಡಲು ಬರಲಿಲ್ಲ. ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ದಿನ ಎದೆ ಹಿಡಿದುಕೊಂಡು ಕೋಲ್ಡ್ ರೂಮಿನ ಬಾಗಿಲಿಗೆ ಒರಗಿ ಬೆವತ ಮೇಲೆ, "ಗುರುವಾರ ಹನ್ನೊಂದು ಗಂಟೆಗೆ ಹೋಗೋಣಮ್ಮಾ," ಎಂದ. ಅವಳಿಗೆ ಅಳು ಬಂತು. ಕಾಣಬಾರದೆಂದು ಕೊರಡು ಉಜ್ಜಿದಳು.

ಗುರುವಾರ ಬೆಳಿಗ್ಗೆ ಏಳೂವರೆ. ನೆಲ ತೊಳೆದ ನೀರು ಇನ್ನೂ ಆರಿರಲಿಲ್ಲ. ಕೊಕ್ಕೆಗಳಲ್ಲಿ ನಾಲ್ಕು ತೊಡೆ ನೇತಾಡುತ್ತಿದ್ದವು. ಅವಳು ಮೂಳೆ ಬಿಡಿಸುವ ತೆಳ್ಳನೆ ಕತ್ತಿಯನ್ನು ಮಸೆದು ಕೊರಡಿನ ಮೇಲಿಟ್ಟಿದ್ದಳು. ಮಗಳು ಶಾಲೆಗೆ ಹೋಗಿಯಾಗಿತ್ತು. ಯಜಮಾನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಏಪ್ರನ್ ಕಟ್ಟಿಕೊಂಡು, ಟ್ರಸ್ಟಿನ ಕಾಗದಗಳ ಫೈಲನ್ನು ತಕ್ಕಡಿಯ ಪಕ್ಕ ಇಟ್ಟುಕೊಂಡು ನಿಂತಿದ್ದ. ಹಿಂಬಾಗಿಲು ಗೋಡೆಗೆ ಬಡಿಯಿತು.

"ಹನ್ನೊಂದಕ್ಕೆ ಎಲ್ಲಿಗೋ ಹೊರಟಿದ್ದೀಯಂತೆ?" ಎಂದ ಗೂಳಿ.

"ನನ್ನ ಅಂಗಡಿ, ನನ್ನ ಕಾಲು. ನಿನ್ನನ್ನ ಕೇಳ್ಬೇಕಾ?"

"ಕೇಳ್ಬೇಕು. ಸ್ಕೂಲ್ ಬಿಡಿಸಿ ಈ ಕೊರಡಿಗೆ ಕಟ್ಟಿಹಾಕಿದ್ದು ನನ್ನ. ತಮ್ಮನಿಗೆ ಪುಸ್ತಕ, ನನಗೆ ಒದೆ. 'ಒದೆ ತಿನ್ನು, ನಾಳೆ ಅಂಗಡಿ ನಿನ್ನದೇ' ಅಂತ ಅಂದೋನು ನೀನೇ ಅಲ್ವಾ? ಈಗ ಮೊನ್ನೆ ಬಂದೋಳಿಗೆ ಬರೆದು ಕೊಡ್ತೀಯಾ?"

"ಅವಳು ಕೆಲಸ ಮಾಡ್ತಾಳೆ. ನೀನು ಬಡಿದಾಡ್ತೀಯ."

"ಯಾರು ಕಲಿಸಿದ್ದು?"

ಯಜಮಾನ ಯಾವತ್ತೂ ಮಾಡುತ್ತಿದ್ದದ್ದನ್ನೇ ಮಾಡಿದ. ಕತ್ತಿ ಮಸೆಯುವ ಕಬ್ಬಿಣದ ಕೋಲನ್ನು ಎತ್ತಿ ಮಗನ ಮೂತಿಗೆ ಬೀಸಿದ. ಗೂಳಿಯ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಎರಡನೇ ಏಟಿಗೆ ಅವನು ಕೋಲನ್ನು ಹಿಡಿದು ಕಿತ್ತುಕೊಂಡು ಅಪ್ಪನ ಪಕ್ಕೆಗೆ ಬಾರಿಸಿದ. ಒಣ ಕಟ್ಟಿಗೆ ಮುರಿದಂಥ ಸದ್ದು.

"ಭಾವ, ಬೇಡ! ಸತ್ತೇ ಹೋಗ್ತಾರೆ!" ಎಂದು ಅವಳು ನಡುವೆ ನುಗ್ಗಿ ಎಡಗೈ ಅಡ್ಡ ಹಿಡಿದಳು. ಮೂರನೇ ಏಟು ಆ ಕೈಗೆ ಬಿತ್ತು. ಮುಂಗೈ ಮೂಳೆ ಮುರಿದದ್ದು ಕಿವಿಗೆ ಕೇಳಿಸಿದ ಮೇಲೇ ನೋವು ತಲೆಗೇರಿದ್ದು. ಗೂಳಿ ಅವಳ ಜುಟ್ಟು ಹಿಡಿದು ಎಸೆದ. ಖಾಲಿ ಕೊಕ್ಕೆಯೊಂದು ಭುಜಕ್ಕೆ ಸಿಕ್ಕಿ, ಬಟ್ಟೆಯನ್ನೂ ತೊಗಲನ್ನೂ ಒಟ್ಟಿಗೆ ಹರಿಯಿತು. ಅವಳು ನೆಲದ ಮೇಲೆ ಕೂತು ವಾಂತಿ ಮಾಡಿಕೊಂಡಳು.

ಗೂಳಿ ಫೈಲನ್ನು ತೆಗೆದು ರಕ್ತ ಹಿಡಿಯುವ ಬಕೆಟ್ಟಿಗೆ ಅದ್ದಿ, ಕಾಲಿನಿಂದ ತುಳಿದ. "ಹೋಗು ಈಗ! ಹನ್ನೊಂದಕ್ಕೆ ಹೋಗು!"

ಯಜಮಾನ ಕೊರಡಿನ ಮೇಲಿದ್ದ ತೆಳ್ಳನೆ ಕತ್ತಿಯನ್ನು ಎತ್ತಿಕೊಂಡ.

"ಇಡು ಅಪ್ಪ ಅದನ್ನ."

"ಬೇಕಾ? ಬಾ, ತಗೋ."

ಐವತ್ತು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಒಬ್ಬರ ಕಡೆಗೆ ಕತ್ತಿ ಚಾಚಿದ. ಚಾಚಿದವನು ಬಿಡಲಿಲ್ಲ, ಹಿಡಿದವನೂ ಬಿಡಲಿಲ್ಲ. ಒಂದು ಹಿಡಿಯ ಮೇಲೆ ಎರಡು ಮುಷ್ಟಿ. ಹಲ್ಲು ಕಚ್ಚಿಕೊಂಡು ಅಪ್ಪ ಮಗ ಆ ಕಡೆ ಈ ಕಡೆ ತಿರುಚಾಡಿದರು. ಒದ್ದೆ ನೆಲದಲ್ಲಿ ಮುದುಕನ ಕಾಲು ಜಾರಿತು, ಗೂಳಿ ಅವನ ಮೇಲೆ ಬಿದ್ದ, ಕತ್ತಿ ಹಿಡಿಯವರೆಗೂ ಮುದುಕನ ತೊಡೆಸಂದಿಗೆ ಇಳಿಯಿತು. ಗೂಳಿ ಗಾಬರಿಬಿದ್ದು ಅದನ್ನು ಎಳೆದು ತೆಗೆದ. ಎಳೆಯಬಾರದಿತ್ತು.

ಅದು ಯಾವ ಜಾಗ ಎಂದು ಆ ಮೂವರಿಗೂ ಯಾರೂ ಹೇಳಬೇಕಿರಲಿಲ್ಲ. ಆ ಜಾಗದಲ್ಲಿ ಕತ್ತಿ ಆಡಿಸಿಯೇ ಹೊಟ್ಟೆ ಹೊರೆದವರು. ಅಲ್ಲಿಂದ ರಕ್ತ ಹೇಗೆ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ಆಮೇಲೆ ಏನಾಗುತ್ತದೆ, ಎಲ್ಲಾ ಗೊತ್ತು.

ಅವಳು ತೆವಳಿಕೊಂಡು ಬಂದು ಬಲ ಮುಷ್ಟಿಯನ್ನು ಗಾಯದೊಳಕ್ಕೇ ಒತ್ತಿದಳು. "ನಿಂತ್ಕೊಂಡು ಏನ್ ನೋಡ್ತೀರಿ? ಏಪ್ರನ್ ದಾರ ಬಿಚ್ಚಿ ಬಿಗಿಯಾಗಿ ಕಟ್ಟಿ! ಆಂಬುಲೆನ್ಸಿಗೆ ಫೋನ್ ಮಾಡಿ!"

ಗೂಳಿ ಹೇಳಿದ್ದನ್ನೆಲ್ಲ ಮಾಡಿದ. ಫೋನು ಎರಡು ಸಲ ಕೈಯಿಂದ ಕೆಳಗೆ ಬಿತ್ತು. "ಇಪ್ಪತ್ತು ನಿಮಿಷ ಅಂತೆ," ಎಂದ.

"ಅಷ್ಟು ಹೊತ್ತು ನಾನಿರಲ್ಲ," ಎಂದ ಯಜಮಾನ. ತುಟಿ ಆಗಲೇ ಬಿಳಿಚಿತ್ತು. "ಡ್ರಾಯರಲ್ಲಿ ಒಂದು ಕಾಗದ ಇದೆ. ತಾ."

ಗೂಳಿ ತಂದ. ಮೊದಲ ಸಾಲು ಓದಿ ಅಪ್ಪನ ಮುಖ ನೋಡಿದ.

"ಹೂಂ ಕಣೋ, ಅದೇ. ಅಂಗಡಿ ಅವಳ ಕೈಗೆ ಹೋಗೋ ಕಾಗದ. ನಾನು ಸಹಿ ಹಾಕ್ತೀನಿ, ನೀನು ಸಾಕ್ಷಿ ಹಾಕು. ಆಗ ನಾನು ಕೈ ಜಾರಿತು ಅಂತೀನಿ. ಹಾಕಲಿಲ್ಲ ಅಂದ್ರೆ ಬಂದೋರಿಗೆಲ್ಲಾ ನಿನ್ನ ಹೆಸರು ಹೇಳಿ ಸಾಯ್ತೀನಿ."

ಗೂಳಿ ಮಂಡಿಯೂರಿ ಕುಳಿತುಬಿಟ್ಟ. "ಅಪ್ಪಾ, ನಾನು ಬೇಕಂತ..."

"ಅಳೋದು ಆಮೇಲೆ. ಪೆನ್ನು ಕೊಡು."

ಗೂಳಿ ಜೇಬಿನಿಂದ ಪೆನ್ನು ತೆಗೆದು ಅಪ್ಪನ ಕಡೆ ಚಾಚಿದ. ಮುದುಕ ಅದನ್ನು ಮುಟ್ಟಲಿಲ್ಲ. ಜೀವ ಹೋಗುತ್ತಿದ್ದರೂ ಹುಬ್ಬು ಗಂಟಿಕ್ಕಿ, "ಕೆಳಗಿಡೋ, ಕತ್ತೆ," ಎಂದ. ಗೂಳಿ ಪೆನ್ನನ್ನು ಅಪ್ಪನ ಎದೆಯ ಮೇಲಿಟ್ಟು ಕೈ ಹಿಂದಕ್ಕೆ ತೆಗೆದ.

ಅಷ್ಟರಲ್ಲಿ ಐಸಿನವನು ದಿನದಂತೆ ಭುಜದ ಮೇಲೆ ಐಸ್ ಗಡ್ಡೆ ಹೊತ್ತು ಬಂದ. "ಅಯ್ಯಯ್ಯೋ!" ಎಂದು ಗಡ್ಡೆಯನ್ನು ಅಲ್ಲೇ ಬಿಟ್ಟ. ಅದು ಚೂರುಚೂರಾಗಿ ರಕ್ತದಲ್ಲಿ ಜಾರಿಕೊಂಡು ಹೋಯಿತು.

"ಹೆದರ್ಬೇಡಪ್ಪಾ," ಎಂದ ಯಜಮಾನ. "ಮೂಳೆ ಬಿಡಿಸ್ತಿದ್ದೆ, ಕೈ ಜಾರಿತು. ಇವಳು ನನ್ನ ಹಿಡ್ಕೊಳ್ಳೋಕೆ ಬಂದು ಬಿದ್ದು ಕೈ ಮುರ್ಕೊಂಡಳು. ಅಲ್ವೇನಮ್ಮಾ?"

ಅವಳ ಮುರಿದ ಕೈ ಮಡಿಲಲ್ಲಿ ಬಿದ್ದಿತ್ತು. ಇನ್ನೊಂದು ಮುಷ್ಟಿಗೆ ಮುದುಕನ ಜೀವ ಒಳಗಿನಿಂದ ಬಡಿಯುತ್ತಿತ್ತು, ಬಡಿತ ಬಡಿತಕ್ಕೂ ಕಡಿಮೆಯಾಗುತ್ತಿತ್ತು. ಗೂಳಿಯ ಮುಖಕ್ಕೆ ಉಗಿಯಬೇಕೆನ್ನಿಸಿತು. ಇವನೇ, ಇವನೇ ಎಂದು ಬೀದಿ ಕೇಳುವಂತೆ ಕಿರುಚಬೇಕೆನ್ನಿಸಿತು.

"ಹೇಳಮ್ಮಾ. ನನಗೆ ಹೊತ್ತಾಯ್ತು."

"ಹೂಂ ಮಾವ," ಎಂದಳು. "ಕೈ ಜಾರಿತು."

ಯಜಮಾನ ಸಹಿ ಹಾಕಿದ. ಸಹಿಗಿಂತ ರಕ್ತವೇ ಜಾಸ್ತಿ ಕಾಣುತ್ತಿತ್ತು. ಅವನು ಪೆನ್ನನ್ನು ಮತ್ತೆ ಎದೆಯ ಮೇಲೆ ಬಿಟ್ಟ, ಗೂಳಿ ಎತ್ತಿಕೊಂಡು ಸಾಕ್ಷಿ ಹಾಕಿ ಅಲ್ಲೇ ಇಟ್ಟ, ಐಸಿನವನು ಮರಗಟ್ಟಿದ ಬೆರಳಲ್ಲಿ ತನ್ನ ಹೆಸರು ಗೀಚಿದ. ಆಂಬುಲೆನ್ಸ್ ಬಂದಾಗ ಅವಳ ಮುಷ್ಟಿಯನ್ನು ಇಬ್ಬರು ಸೇರಿ ಬಿಡಿಸಬೇಕಾಯಿತು. ಆಸ್ಪತ್ರೆಯ ಮೆಟ್ಟಿಲಲ್ಲೇ ಯಜಮಾನನ ಉಸಿರು ನಿಂತಿತು. ಹನ್ನೊಂದು ಗಂಟೆಗೆ ನೋಂದಣಿ ಕಚೇರಿಯಲ್ಲಿ ಅವನ ಹೆಸರನ್ನು ಮೂರು ಸಲ ಕೂಗಿದರಂತೆ.

ಇನ್ಸ್‌ಪೆಕ್ಟರ್ ಎರಡು ಸಲ ಬಂದ. ಕೊರಡು ನೋಡಿದ, ನೆಲ ನೋಡಿದ, ಗೂಳಿಯ ಸೀಳಿದ ಹುಬ್ಬು ನೋಡಿದ. "ನಿಮ್ಮ ಭಾವನ ಹಣೆಗೆ ಏನಾಯ್ತು?" ಎಂದು ಕೇಳಿದ. ಗಾಬರಿಯಲ್ಲಿ ಕೊಕ್ಕೆಗೆ ಹೊಡೆದುಕೊಂಡರು ಎಂದಳು. ಸಾಯುವವನಿಗೆ ಕೊಟ್ಟ ಮಾತು. ಇನ್ಸ್‌ಪೆಕ್ಟರ್ ಹಾಗೇ ಬರೆದುಕೊಂಡು ಹೋದ. ಆ ರಾತ್ರಿಯಿಂದ ಅವಳಿಗೆ ಬಲಗೈ ಎಷ್ಟು ತೊಳೆದರೂ ಸಾಲದು.

ತಾನು ಏನು ಕೊಟ್ಟು ಏನು ಪಡೆದೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಂಗಡಿ ಸಿಕ್ಕಿತು, ಮಗಳಿಗೆ ಸೂರು ಉಳಿಯಿತು, ಅದಕ್ಕೆ ಬೆಲೆ ಒಬ್ಬ ಕೊಲೆಗಡುಕ ಬೀದಿಯಲ್ಲಿ ಓಡಾಡಿಕೊಂಡಿರುವುದು. ಮಾವ ಸಾಯುತ್ತಾ ತನಗಾಗಿ ಮಾಡಿದ ವ್ಯಾಪಾರ. ಹಾಗೆಂದುಕೊಂಡರೆ ಒಂದಿಷ್ಟು ನಿದ್ದೆ ಬರುತ್ತಿತ್ತು.

ಏಳನೇ ವಾರ ವಕೀಲಮ್ಮ ಇಬ್ಬರನ್ನೂ ಕರೆಸಿದಳು. ಹೊಸ ಉಯಿಲು ಊರ್ಜಿತವಾಗಿತ್ತು, ಅಂಗಡಿಯೂ ಮನೆಯೂ ಪೆಟ್ಟಿಗೆಗೆ ಬಿದ್ದಿದ್ದವು.

"ನನ್ನ ಮೂರನೇ ಒಂದು ಪಾಲು?" ಎಂದ ಗೂಳಿ.

"ಸಾಕ್ಷಿ ಸಹಿ ನಿಮ್ಮದೇ ಅಲ್ವಾ? ಸಾಕ್ಷಿಗೆ ಏನೂ ಬರಲ್ಲ. ನಿಮ್ಮ ತಂದೆಗೆ ಹೇಳಿದ್ದೆ."

ಗೂಳಿ ಕುರ್ಚಿ ಎತ್ತಿ ಗೋಡೆಗೆ ಅಪ್ಪಳಿಸಿದ, ಹೋಗುವಾಗ ಗಾಜಿನ ಬಾಗಿಲಿಗೆ ಗುದ್ದಿದ. ಗಾಜು ಉದುರಿತು. ರಕ್ತ ತೊಟ್ಟಿಕ್ಕಿಸಿಕೊಂಡೇ ಮೆಟ್ಟಿಲಿಳಿದ.

ವಕೀಲಮ್ಮ ಸುಧಾರಿಸಿಕೊಂಡು ಕುಳಿತಳು. "ಒಂದು ಮಾತು ಹೇಳ್ತೀನಿ, ನೀವು ಉತ್ತರ ಕೊಡೋದು ಬೇಡ. ಅವತ್ತು ನೀವು ಜೆರಾಕ್ಸಿಗೆ ಹೋಗಿದ್ರಲ್ಲ, ಆಗ ಯಜಮಾನ್ರು ನನ್ನ ಕೇಳಿದ್ರು. 'ಮಗ ನನ್ನನ್ನೇ ಕಡಿದು ಹಾಕಿದ್ರೆ ಅಂಗಡಿ ಯಾರಿಗೆ?' ಅಂತ. ಕೊಂದೋನಿಗೆ ಕೊಲೆಯಾದೋನ ಆಸ್ತೀಲಿ ಚೂರೂ ಇಲ್ಲ, ಯಾವ ಉಯಿಲು ಇದ್ರೂ ಇಲ್ಲ, ಮೊಮ್ಮಗಳಿಗೆ ತಾನಾಗೇ ಬರುತ್ತೆ ಅಂದೆ. 'ಹಾಗಾದ್ರೆ ಇಷ್ಟೆಲ್ಲ ಕಾಗದಕ್ಕಿಂತ ಅದೇ ಅಗ್ಗ' ಅಂತ ನಕ್ಕರು."

ಸೊಸೆ ಎದ್ದು ನಿಂತಳು. ಮತ್ತೆ ಕುಳಿತಳು.

ಅಂಗಡಿ ಹೇಗಿದ್ದರೂ ತನ್ನ ಮಗಳದೇ ಆಗುತ್ತಿತ್ತು. ಕೊಂದದ್ದು ಗೂಳಿ ಎಂಬ ನಿಜ ಹೇಳಿದ್ದರೆ ಸಾಕಿತ್ತು. ಆ ಮುದುಕನಿಗೆ ಅದು ಗೊತ್ತಿತ್ತು, ನೆಲದ ಮೇಲೆ ಬಿದ್ದಿದ್ದಾಗಲೂ ಗೊತ್ತಿತ್ತು. ಗೂಳಿಯನ್ನು ಹೆದರಿಸಿದ್ದೂ ಬರೀ ನಾಟಕ. ಅವನು ತನಗೆ ಅಂಗಡಿ ಕೊಡಲಿಲ್ಲ, ಹೇಗೂ ಬರುತ್ತಿದ್ದುದನ್ನೇ ಕೊಟ್ಟು ಮಗನ ಕುತ್ತಿಗೆ ಉಳಿಸಿಕೊಂಡ. ಮಗನ ಉದುರಿದ ಹಲ್ಲಿನ ಸಾಲವನ್ನು ಸೊಸೆಯ ನಾಲಿಗೆಯಿಂದ ತೀರಿಸಿದ. ಮುಷ್ಟಿ ಒತ್ತಿ ಜೀವ ಹಿಡಿದಿದ್ದವಳಿಗೆ ಈ ಮೋಸ! ಅವಳಿಗೆ ಮೈಯೆಲ್ಲ ಉರಿಯಿತು. ಸತ್ತವನನ್ನು ಎಬ್ಬಿಸಿ ಕಪಾಳಕ್ಕೆ ಬಿಗಿಯಬೇಕೆನ್ನಿಸಿತು, ಅದೇ ಉಸಿರಿನಲ್ಲಿ ಅವನಿಗಾಗಿ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಮನೆಗೆ ಬಂದಳು.

ಮರುದಿನ ಬೆಳಿಗ್ಗೆ ಏಳು ಗಂಟೆಗೇ ಹಿಂಬಾಗಿಲಲ್ಲಿ ಗೂಳಿ ನಿಂತಿದ್ದ. ಕೈಗೆ ಬಟ್ಟೆ ಸುತ್ತಿಕೊಂಡಿದ್ದ. ಅವಳು ಕತ್ತಿ ಹಿಡಿದು ಕೆಲಸದಲ್ಲಿದ್ದಳು. ಒಳಗೆ ಬಂದು ಅಪ್ಪನ ಖಾಲಿ ಕೊರಡಿನ ಮುಂದೆ ನಿಂತ.

"ಲಾರಿ ಕೆಲಸ ಹೋಯ್ತು. ನನಗೆ ಗೊತ್ತಿರೋದು ಇದೊಂದೇ," ಎಂದ. "ಕತ್ತಿ ಇಡು."

ಕಾನೂನಿನ ಪ್ರಕಾರ ಎರಡು ಕೈಯನ್ನೂ ಹಿಂದೆ ಇಟ್ಟುಕೊಂಡು, ಹನ್ನೆರಡು ವರ್ಷದ ಹುಡುಗನಂತೆ ಕಾದ. ಮೇಲಿನ ಕೋಣೆಯಲ್ಲಿ ಮಗಳು ಶಾಲೆಗೆ ಸಿದ್ಧವಾಗುತ್ತಾ ಓಡಾಡುವ ಸದ್ದು ಕೇಳುತ್ತಿತ್ತು. ಗೂಳಿಯೂ ತಲೆಯೆತ್ತಿ ಆ ಸದ್ದನ್ನು ಕೇಳಿದ.

"ಹೋಗಿ ಭಾವ."

"ಅಪ್ಪ ಇದ್ದಿದ್ರೆ ಇಡ್ತಿದ್ದ."

"ಮಾವ ಯಾವತ್ತು ಏನನ್ನ ಬಿಟ್ಟುಕೊಟ್ರು? ಅಂಗಡೀನೂ ಬಿಡಲಿಲ್ಲ. ಸಾಯೋವಾಗ ನಿಮ್ಮನ್ನೂ ಬಿಡಲಿಲ್ಲ." ಅವಳು ಕತ್ತಿಯನ್ನು ಇನ್ನಷ್ಟು ಬಿಗಿ ಹಿಡಿದಳು. "ಈ ಕೊರಡಿನ ಮೇಲೆ ನಾನು ಇಟ್ಟಿರೋದು ಒಂದೇ, ಅವರಿಗೆ ಕೊಟ್ಟ ಮಾತು. ಇನ್ನೊಂದು ಹೆಜ್ಜೆ ಒಳಗೆ ಬಂದ್ರೆ ಅದನ್ನ ವಾಪಸ್ ಎತ್ಕೊಂಡು ನೆಟ್ಟಗೆ ಇನ್ಸ್‌ಪೆಕ್ಟರ್ ಹತ್ರ ಹೋಗ್ತೀನಿ."

ಗೂಳಿ ಅವಳ ಕೈಯ ಕತ್ತಿ ನೋಡಿದ, ಕಣ್ಣು ನೋಡಿದ. ಮುಷ್ಟಿ ಬಿಗಿದು ಸಡಿಲಿಸಿದ. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು, ತಮ್ಮ ಸತ್ತ ಗೋಡೆಯ ಪಕ್ಕ ಓಣಿಯಲ್ಲಿ ನಿಂತ. ಹೋಗಲಿಲ್ಲ.

ಅವಳ ಎಡಗೈ ಇನ್ನೂ ಸರಿಯಾಗಿ ಬಗ್ಗುತ್ತಿರಲಿಲ್ಲ, ಚಿಲಕ ಹಾಕಬೇಕಾದರೆ ಬಲಗೈಯೇ ಬೇಕು. ಕತ್ತಿ ಕೆಳಗಿಡದೆ, ಬಾಗಿಲನ್ನು ಭುಜದಿಂದ ನೂಕಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.